ಪ್ರಶ್ನೆಯನ್ನೇ ಪಾಠವಾಗಿಸಿದ ಮೇಷ್ಟ್ರು: ಡಾ. ಎಚ್. ನರಸಿಂಹಯ್ಯ



ಡಾ. ಎಚ್. ನರಸಿಂಹಯ್ಯನವರು 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಭೌತವಿಜ್ಞಾನದ ಅಧ್ಯಾಪಕರಾಗಿ, ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ಅವರು ಕೆಲಸ ಮಾಡಿದ್ದರು. 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತ್ತು. ಇಷ್ಟೆಲ್ಲ ಆದ ಮೇಲೂ ಅವರು ಕೊನೆಯವರೆಗೆ ವಾಸವಾಗಿದ್ದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ.

ಬೆಂಗಳೂರಿನ ಹಿರಿಯರೊಬ್ಬರ ಬದುಕಿನ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ವಿದ್ಯಾರ್ಥಿಗಳಿಗೆ ಏಕೆ ಎಂದು ನೀವು ಕೇಳಬಹುದು. ಖಂಡಿತ ಕೇಳಿ. ಏಕೆ ಎಂದು ಕೇಳುವುದನ್ನೇ ಅವರು ಆಯುಷ್ಯವಿಡೀ ಕಲಿಸಿದರು. ಯಾವ ಮಾತನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬಾರದು ಎಂಬುದು ಅವರ ಹೆಸರಿನೊಡನೆ ಸೇರಿಹೋದ ಮಾತು. ಈ ಮಾತು ಕೇಳಲು ಸುಲಭ, ನಡೆಸಲು ಕಷ್ಟ. ಅದನ್ನು ಒಬ್ಬ ಬಡ ಹುಡುಗ ಹೇಗೆ ಕಲಿತ, ಹೇಗೆ ಇತರರಿಗೆ ಕಲಿಸಿದ, ಅದು ನಮ್ಮ ನಿತ್ಯದ ಬದುಕಿನಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹೊಸೂರಿನಿಂದ ನಡೆದ ದಾರಿ

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಮನೆಯಲ್ಲಿ ಕಡು ಬಡತನ. ಊರಿನ ಶಾಲೆಯಲ್ಲಿ ಮಾಧ್ಯಮಿಕ ತರಗತಿ ಮುಗಿದಾಗ ಮುಂದಿನ ಓದಿಗೆ ಅಲ್ಲಿ ಹೈಸ್ಕೂಲು ಇರಲಿಲ್ಲ. ಹಿಂದೆ ಹೊಸೂರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಆಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಅವರ ಆಸರೆಯನ್ನು ನಂಬಿ 1935ರಲ್ಲಿ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕೊಡಲು ದುಡ್ಡಿರಲಿಲ್ಲ, ನಡೆದೇ ಹೋದ. ಸುಮಾರು 80 ಕಿಲೋಮೀಟರ್ ದಾರಿ. ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗಿ, ಹೆಚ್ಚುಕಡಿಮೆ ಮತ್ತೆ ಗಂಗಾವತಿಗೆ ನಡೆದು ಬಂದಷ್ಟು ದೂರ.

ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಕರೆಯಿಂದ ಹುಟ್ಟಿದ ಸಂಸ್ಥೆ. ಹುಡುಗ ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದು ಓದಿದ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ಹೇಳುವ ಅವಕಾಶ ಈ ಹುಡುಗನಿಗೆ ಸಿಕ್ಕಿತು. ಆ ಮೇಲೆ ಅವರು ಖಾದಿಯನ್ನು ಬಿಡಲಿಲ್ಲ. ಪಂಚೆ, ಜುಬ್ಬ, ಗಾಂಧಿ ಟೋಪಿ ಅವರ ಗುರುತಾಗಿಯೇ ಉಳಿದವು.

ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಓದು ನಿಲ್ಲಿಸಿ ಚಳವಳಿಗೆ ಇಳಿದರು, ಸೆರೆಮನೆ ಕಂಡರು. ಹೊರಬಂದು ಓದನ್ನು ಮುಂದುವರಿಸಿ 1946ರಲ್ಲಿ ಎಂ.ಎಸ್ಸಿ. ಮುಗಿಸಿದರು. ಅದೇ ವರ್ಷ, ಆಗಷ್ಟೇ ಹುಟ್ಟಿದ್ದ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಬೀಜಕೇಂದ್ರದ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಉಳಿಯಬಹುದಿತ್ತು. ಅವರು ಅದೇ ಕಾಲೇಜಿಗೆ, ಅದೇ ವಿದ್ಯಾರ್ಥಿನಿಲಯಕ್ಕೆ ಹಿಂತಿರುಗಿದರು. 1961ರಲ್ಲಿ ಪ್ರಾಂಶುಪಾಲರಾದರು.

ತರಗತಿಯ ಆಚೆ

ಪರೀಕ್ಷೆಗಾಗಿ ಓದಿದ ವಿಜ್ಞಾನ ಪರೀಕ್ಷೆ ಮುಗಿದ ಕೂಡಲೇ ಮರೆತುಹೋಗುತ್ತದೆ. ವಿಜ್ಞಾನದ ಪದವಿ ಪಡೆದವರೇ ಬೆಕ್ಕು ಅಡ್ಡ ಬಂತೆಂದು ಹೊರಟ ಕೆಲಸ ನಿಲ್ಲಿಸುವುದನ್ನು ನಾವೆಲ್ಲ ಕಂಡಿದ್ದೇವೆ. ತಲೆಯಲ್ಲಿ ವಿಜ್ಞಾನದ ಮಾಹಿತಿ ಇರುವುದು ಒಂದು, ವಿಜ್ಞಾನದ ಮನೋಭಾವ ಇರುವುದು ಇನ್ನೊಂದು. ನರಸಿಂಹಯ್ಯನವರ ಗಮನವೆಲ್ಲ ಈ ಎರಡನೆಯದರ ಮೇಲಿತ್ತು.

1962ರಲ್ಲಿ ಅವರು ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಅದರ ಏರ್ಪಾಡು ಬಹಳ ಸರಳ. ವಾರಕ್ಕೊಂದು ಉಪನ್ಯಾಸ, ವಿಜ್ಞಾನಿಗಳು ಬಂದು ತಮ್ಮ ವಿಷಯವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳುವುದು, ಯಾರು ಬೇಕಾದರೂ ಬಂದು ಕೇಳುವುದು. ವರ್ಷಕ್ಕೊಮ್ಮೆ ವಿಜ್ಞಾನೋತ್ಸವ. ಒಂದೆರಡು ವರ್ಷ ಇಂಥ ಕೆಲಸ ನಡೆಸುವುದು ಕಷ್ಟವಲ್ಲ. ದಶಕಗಳ ಕಾಲ ಬಿಡದೆ ನಡೆಸುವುದಕ್ಕೆ ಬೇರೆಯೇ ಒಂದು ತಾಳ್ಮೆ ಬೇಕು. ವೇದಿಕೆ ತನ್ನ ಸ್ಥಾಪಕರ ಕಾಲವನ್ನೂ ದಾಟಿ ಉಳಿಯಿತು.

ಕಲೆಯನ್ನು ಅವರು ಕಡೆಗಣಿಸಲಿಲ್ಲ. ಬೆಂಗಳೂರು ಲಲಿತಕಲಾ ಪರಿಷತ್ತಿನ ಮೂಲಕ ಸಂಗೀತ, ನೃತ್ಯ, ನಾಟಕಗಳಿಗೆ ಕಾಲೇಜಿನ ಆವರಣದಲ್ಲೇ ಜಾಗ ಮಾಡಿಕೊಟ್ಟರು. ಹಳ್ಳಿಯ ಹುಡುಗರು ಓದಿಗಾಗಿ ತಮ್ಮಂತೆ ಊರು ಬಿಟ್ಟು ನಡೆಯಬಾರದೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬರುವಂತೆ ದುಡಿದರು.

ಕುಂಬಳಕಾಯಿಯ ಪ್ರಶ್ನೆ

1970ರ ದಶಕದಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ರಚಿಸಿ, ಅದರ ಅಧ್ಯಕ್ಷರೂ ಆದರು. ದೇಶದಾದ್ಯಂತ ಇದರ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎಂದವರಿದ್ದರು. ಸತ್ಯ ಯಾವುದೆಂದು ವಿಚಾರಿಸುವುದಕ್ಕಿಂತ ದೊಡ್ಡ ಕೆಲಸ ವಿಶ್ವವಿದ್ಯಾಲಯಕ್ಕೆ ಬೇರೆ ಯಾವುದಿದೆ ಎಂಬುದು ಅವರ ನಿಲುವು.

ಸಮಿತಿಯ ಹೆಸರಿನಲ್ಲೇ ಒಂದು ಎಚ್ಚರವಿತ್ತು, ಗಮನಿಸಿ. ದೇವರು ಇದ್ದಾನೆಯೇ ಇಲ್ಲವೇ ಎಂಬುದನ್ನು ಅದು ವಿಚಾರಿಸಲು ಹೊರಟಿರಲಿಲ್ಲ. ಪರೀಕ್ಷಿಸಬಹುದಾದ ಹೇಳಿಕೆಗಳನ್ನು ಮಾತ್ರ ಅದು ಕೈಗೆತ್ತಿಕೊಂಡಿತು. ಬರಿಗೈಯಿಂದ ವಸ್ತುಗಳನ್ನು ಸೃಷ್ಟಿಸುತ್ತಾರೆ ಎಂಬುದು ಅಂಥ ಒಂದು ಹೇಳಿಕೆ. ಅದು ನಡೆಯುತ್ತದೆ, ಇಲ್ಲವೇ ನಡೆಯುವುದಿಲ್ಲ. ಎದುರಿಗೆ ಕೂತು ನೋಡಬಹುದು. ನರಸಿಂಹಯ್ಯನವರು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ನಿಯಂತ್ರಿತ ಸನ್ನಿವೇಶದಲ್ಲಿ ತಮ್ಮ ಪವಾಡಗಳನ್ನು ತೋರಿಸಬೇಕೆಂದು ಕೇಳಿದರು. ಒಂದಲ್ಲ, ಮೂರು ಪತ್ರ ಬರೆದರೂ ಉತ್ತರ ಬರಲಿಲ್ಲ.

ಆಗಲೇ ಕುಂಬಳಕಾಯಿಯ ಮಾತು ಬಂದದ್ದು. ಉಂಗುರ, ವಿಭೂತಿಗಳ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ಅವರು ಕೇಳಿದರು. ಜನ ನಕ್ಕರು. ಈ ಪ್ರಶ್ನೆಯ ಹಿಂದೆ ಅಚ್ಚುಕಟ್ಟಾದ ವಿಜ್ಞಾನವಿದೆ. ಉಂಗುರ ಬೆರಳ ಸಂದಿಯಲ್ಲಿ ಅಡಗುತ್ತದೆ, ವಿಭೂತಿಯ ಉಂಡೆ ತೋಳಿನೊಳಗೆ ಅಡಗುತ್ತದೆ, ಕುಂಬಳಕಾಯಿ ಎಲ್ಲಿಯೂ ಅಡಗುವುದಿಲ್ಲ. ನಿಜವಾಗಿ ಶೂನ್ಯದಿಂದ ವಸ್ತು ಬರುವುದಾದರೆ ಸಣ್ಣದು ಬರುವುದೂ ಒಂದೇ, ದೊಡ್ಡದು ಬರುವುದೂ ಒಂದೇ. ಕೈಚಳಕವಾದರೆ ಮಾತ್ರ ಗಾತ್ರ ಮುಖ್ಯವಾಗುತ್ತದೆ. ಹೀಗೆ ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂದು ಬೇರ್ಪಡಿಸಿ ತೋರಿಸುವ ಪ್ರಶ್ನೆಯೇ ಒಳ್ಳೆಯ ಪ್ರಯೋಗ. ಪ್ರಯೋಗಾಲಯದಲ್ಲಿ ನೀವು ಮಾಡುವುದೂ ಇದನ್ನೇ.

ಬೇರೊಂದು ಪ್ರಸಂಗದಲ್ಲಿ, ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಮಂಡ್ಯ ಜಿಲ್ಲೆಯ ಬಾಲಕನೊಬ್ಬನನ್ನು ಸಮಿತಿ ಹತ್ತಿರದಿಂದ ಪರೀಕ್ಷಿಸಿತು. ವಿಭೂತಿಯನ್ನು ಬಟ್ಟೆಯೊಳಗೆ ಅಡಗಿಸಿಟ್ಟಿದ್ದುದು ಕಂಡುಬಂತು. 1977ರಲ್ಲಿ ನರಸಿಂಹಯ್ಯನವರು ಕುಲಪತಿ ಹುದ್ದೆಯಿಂದ ಹೊರಬಂದರು. ಆ ವರ್ಷವೇ ಸಮಿತಿಯೂ ಮುಗಿಯಿತು.

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಈ ಪ್ರಸಂಗದಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಕ್ಯಾಮರಾ ತಾನು ನಿಂತ ಜಾಗದಿಂದ ಮಾತ್ರ ನೋಡುತ್ತದೆ. ಎಡಗಡೆ ಇಟ್ಟರೆ ಬಲಗೈಯ ಹಿಂಬದಿ ಕಾಣುವುದಿಲ್ಲ. ಸಂಕಲನದಲ್ಲಿ ಎರಡು ಸೆಕೆಂಡ್ ತೆಗೆದರೆ ನೋಡುಗನಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ತೆರೆಯ ಮೇಲೆ ಕಣ್ಣಾರೆ ಕಂಡೆ ಎಂಬುದು ಸಾಕ್ಷಿಯಾಗಲಾರದು. ಯಾರು ತೆಗೆದರು, ಎಲ್ಲಿಂದ ತೆಗೆದರು, ಮಧ್ಯೆ ಏನು ಕತ್ತರಿಸಿದರು ಎಂದು ಕೇಳಬೇಕು. 1975–76ರಲ್ಲಿ ಉಪಗ್ರಹದ ಮೂಲಕ ದೂರದರ್ಶನ ಮೊದಲ ಬಾರಿಗೆ ಹಳ್ಳಿಗಳಿಗೆ ಬಂದಾಗ ಅಂದಿನ ರಾಯಚೂರು ಜಿಲ್ಲೆಯೂ ಆ ಪ್ರಯೋಗದಲ್ಲಿತ್ತು. ಆಗ ಊರಿಗೊಂದು ತೆರೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಒಂದು ತೆರೆ ಇದೆ. ಪ್ರಶ್ನೆಗಳ ಅಗತ್ಯವೂ ಅಷ್ಟೇ ಹೆಚ್ಚಿದೆ.

ಕೊಪ್ಪಳದ ಮೇಲೆ ಬಿದ್ದ ನೆರಳು

ಈ ವಿಧಾನವನ್ನು ನಿಮ್ಮ ಊರಿನ ಒಂದು ಘಟನೆಗೆ ಅನ್ವಯಿಸಿ ನೋಡೋಣ. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಕರಾವಳಿಯ ಅಂಕೋಲಾದ ಕಡೆಯಿಂದ ಕರ್ನಾಟಕವನ್ನು ಪ್ರವೇಶಿಸಿ, ಹುಬ್ಬಳ್ಳಿ, ಕೊಪ್ಪಳ, ರಾಯಚೂರು ಸೀಮೆಗಳ ಮೇಲೆ ಹಾದು ಆಂಧ್ರದ ಕಡೆಗೆ ಸಾಗಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣಗಳೊಡನೆ ಬೀಡುಬಿಟ್ಟಿದ್ದರು. ಕೊಪ್ಪಳ ಆಗ ರಾಯಚೂರು ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿ ಎರಡು ನಿಮಿಷಕ್ಕೂ ಮೀರಿ ಸೂರ್ಯ ಪೂರ್ತಿ ಮರೆಯಾಗಿದ್ದ. ಒಂದೇ ಸ್ಥಳದಲ್ಲಿ ಪೂರ್ಣಗ್ರಹಣ ಮತ್ತೆ ಬರಲು ಸಾಮಾನ್ಯವಾಗಿ ಶತಮಾನಗಳೇ ಬೇಕು. ಅಂಥ ಅಪರೂಪದ ನೋಟ ಮನೆಬಾಗಿಲಿಗೆ ಬಂದಾಗ ದೇಶದ ಎಷ್ಟೋ ಊರುಗಳಲ್ಲಿ ಜನ ಕದ ಹಾಕಿಕೊಂಡು ಒಳಗೆ ಕುಳಿತಿದ್ದರು.

ಗ್ರಹಣ ಹೇಗಾಗುತ್ತದೆ? ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಸೂರ್ಯ ನಮ್ಮಿಂದ ಇರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಹೀಗಾಗಿ ಎರಡೂ ಆಕಾಶದಲ್ಲಿ ಒಂದೇ ಗಾತ್ರದವಾಗಿ ಕಾಣುತ್ತವೆ. ಅಮಾವಾಸ್ಯೆಯ ದಿನ ಚಂದ್ರ ಸರಿಯಾಗಿ ಅಡ್ಡ ಬಂದರೆ ಸೂರ್ಯ ಮುಚ್ಚಿಹೋಗುತ್ತಾನೆ. ಇದು ನೆರಳಿನಾಟ.

ಈಗ ಗ್ರಹಣದ ಬಗ್ಗೆ ಹಿರಿಯರು ಹೇಳುವ ಮಾತುಗಳನ್ನು ಒಂದೊಂದಾಗಿ ಕೇಳಿ ನೋಡಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡ ಎನ್ನುತ್ತಾರೆ. ಇದು ನೂರಕ್ಕೆ ನೂರು ಸರಿ. ಸೂರ್ಯ ಸ್ವಲ್ಪ ಉಳಿದಿರುವಾಗಲೂ ಆ ಬೆಳಕು ಕಣ್ಣಿನ ಒಳಪರದೆಯನ್ನು ಸುಡುತ್ತದೆ. ಒಳಪರದೆಗೆ ನೋವು ತಿಳಿಯದು, ಆದ್ದರಿಂದ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಅಡುಗೆ ವಿಷವಾಗುತ್ತದೆ ಎನ್ನುತ್ತಾರೆ. ಮೋಡ ಸೂರ್ಯನನ್ನು ಮರೆಮಾಡಿದಾಗ ವಿಷವಾಗದ ಅನ್ನ ಚಂದ್ರ ಮರೆಮಾಡಿದಾಗ ಏಕೆ ವಿಷವಾಗಬೇಕು? ಈ ಮಾತು ನಿಲ್ಲುವುದಿಲ್ಲ. ಗರ್ಭಿಣಿ ಹೊರಗೆ ಬಂದರೆ ಮಗುವಿಗೆ ಊನ ಎನ್ನುತ್ತಾರೆ. ಗ್ರಹಣದ ಹೊತ್ತಿನಲ್ಲಿ ಸೂರ್ಯನಿಂದ ಹೊಸ ಕಿರಣ ಯಾವುದೂ ಬರುವುದಿಲ್ಲ, ಇರುವುದೇ ಕಡಿಮೆಯಾಗುತ್ತದೆ. ಈ ಮಾತೂ ನಿಲ್ಲುವುದಿಲ್ಲ.

ಕಣದಲ್ಲಿ ರಾಶಿ ತೂರುವವರು ಹೊಟ್ಟಿನ ಜೊತೆಗೆ ಕಾಳನ್ನೂ ಎಸೆಯುವುದಿಲ್ಲ. ಹಿರಿಯರ ಮಾತನ್ನು ಪ್ರಶ್ನಿಸುವುದೆಂದರೆ ಹೀಗೆ ತೂರಿ ನೋಡುವುದು. ಉಳಿದ ಕಾಳನ್ನು ಮೊದಲಿಗಿಂತ ಹೆಚ್ಚು ಭದ್ರವಾಗಿ ಇಟ್ಟುಕೊಳ್ಳಬಹುದು. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಗಲಿದ್ದು, ಕೊಪ್ಪಳದಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಾಣಲಿದೆ. ಸರಿಯಾದ ಸೌರ ಕನ್ನಡಕ ಹಾಕಿಕೊಂಡು, ಇಲ್ಲವೇ ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಸೂರ್ಯನ ಬಿಂಬವನ್ನು ನೆಲದ ಮೇಲೆ ಬೀಳಿಸಿ ನೋಡಲು ಈಗಲೇ ಸಿದ್ಧರಾಗಬಹುದು.

ಪ್ರಾಣದ ಪ್ರಶ್ನೆ

ಇದೆಲ್ಲ ಓದಿದವರ ವಾದ, ಇದರಿಂದ ಯಾರಿಗೇನು ನಷ್ಟ ಎಂದು ಕೆಲವರು ಹೇಳುತ್ತಾರೆ. ಹೊಲದಲ್ಲಿ ಹಾವು ಕಚ್ಚಿದವರ ಮನೆಯವರನ್ನು ಕೇಳಿದರೆ ನಷ್ಟ ಏನೆಂದು ಗೊತ್ತಾಗುತ್ತದೆ.

ಹಾವು ಕಚ್ಚಿದರೆ ಮಂತ್ರ ಹಾಕಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಮಂತ್ರದಿಂದ ಬದುಕಿದವರು ಹತ್ತು ಜನರನ್ನು ತೋರಿಸುತ್ತೇನೆ ಎಂದು ಒಬ್ಬರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆ ಹತ್ತು ಜನ ಬದುಕಿದ್ದು ನಿಜ. ಏಕೆ ಬದುಕಿದರು ಎಂಬುದೇ ಪ್ರಶ್ನೆ. ನಮ್ಮಲ್ಲಿರುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಇಂಥವರು ಮಂತ್ರ ಹಾಕಿಸದಿದ್ದರೂ ಬದುಕುತ್ತಿದ್ದರು. ನಾಗರಹಾವೋ ಕೊಳಕುಮಂಡಲವೋ ಕಚ್ಚಿ ವಿಷ ಏರಿದವರ ಪಾಡು ಬೇರೆ. ಅವರಿಗೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು, ಅದೂ ಆದಷ್ಟು ಬೇಗ. ಮಂತ್ರಕ್ಕೆ ಕಳೆದ ಗಂಟೆಯೇ ಅವರ ಪ್ರಾಣ ತೆಗೆಯುತ್ತದೆ. ಸತ್ತವರ ಲೆಕ್ಕವನ್ನು ಯಾರೂ ಮಂತ್ರದ ಖಾತೆಗೆ ಬರೆಯುವುದಿಲ್ಲ. ಹಣೆಬರಹದ ಖಾತೆಗೆ ಬರೆಯುತ್ತಾರೆ. ಬದುಕಿದವರನ್ನು ಮಾತ್ರ ಎಣಿಸಿದರೆ ಯಾವ ಔಷಧವಾದರೂ ಗೆದ್ದಂತೆಯೇ ಕಾಣುತ್ತದೆ. ಎಲ್ಲರನ್ನೂ ಎಣಿಸಿ ನೋಡಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಎಲ್ಲರನ್ನೂ ಎಣಿಸುವ ಕೆಲಸಕ್ಕೆ ಅದೊಂದು ದಾರಿ.

ಕೋಣೆಯ ಅರ್ಥ

ಮತ್ತೆ ಆ ವಿದ್ಯಾರ್ಥಿನಿಲಯದ ಕೋಣೆಗೆ ಬರೋಣ. ನರಸಿಂಹಯ್ಯನವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಅವರ ವಾಸ ವಿದ್ಯಾರ್ಥಿಗಳ ನಡುವೆ. ಇದನ್ನು ಜನ ಸರಳತೆ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಸರಿಯೇ, ಆದರೆ ಅದರೊಳಗೆ ಇನ್ನೊಂದು ಅರ್ಥವಿದೆ ಎಂದು ನನಗೆ ತೋರುತ್ತದೆ.

ಪ್ರಶ್ನೆ ಕೇಳಲು ಬುದ್ಧಿಯಷ್ಟೇ ಸಾಲದು, ಕೇಳುವ ಸ್ವಾತಂತ್ರ್ಯವೂ ಬೇಕು. ದೊಡ್ಡವರ ಋಣದಲ್ಲಿ ಇರುವವನು ದೊಡ್ಡವರನ್ನು ಪ್ರಶ್ನಿಸಲಾರ. ಹುದ್ದೆ ಹೋದೀತೆಂದು ಅಂಜುವವನ ಬಾಯಿ ತಾನಾಗಿಯೇ ಮುಚ್ಚುತ್ತದೆ. ನರಸಿಂಹಯ್ಯನವರು ಕುಲಪತಿ ಕುರ್ಚಿಯಲ್ಲಿ ಕುಳಿತೇ ನಾಡಿನ ಬಹು ಪ್ರಭಾವಶಾಲಿಗಳಿಗೆ ಪತ್ರ ಬರೆಯಲು ಸಾಧ್ಯವಾದದ್ದು, ಆ ಕುರ್ಚಿ ಹೋದರೂ ಅವರ ಕೋಣೆ, ಊಟ, ಪಾಠಗಳಲ್ಲಿ ಯಾವುದೂ ಬದಲಾಗುತ್ತಿರಲಿಲ್ಲವಾದ್ದರಿಂದ. ಕಡಿಮೆ ಬೇಕು ಎನ್ನುವುದು ಅವರಿಗೆ ಧೈರ್ಯದ ಮೂಲವಾಗಿತ್ತು.

ಕುಲಪತಿ ಹುದ್ದೆ ಬಿಟ್ಟ ಮೇಲೆ ಅವರು 27 ವರ್ಷ ಬದುಕಿದರು. ನ್ಯಾಷನಲ್ ಶಿಕ್ಷಣ ಸಂಸ್ಥೆಯನ್ನು ಮುನ್ನಡೆಸಿದರು, ವಿಜ್ಞಾನ ವೇದಿಕೆಯನ್ನು ಬೆಳೆಸಿದರು. ತಮ್ಮ ಬದುಕಿನ ಕಥೆಯನ್ನು ‘ಹೋರಾಟದ ಹಾದಿ’ ಎಂಬ ಪುಸ್ತಕದಲ್ಲಿ ಬರೆದರು. ನಿವೃತ್ತಿಯಿಂದ ಬದಲಾದದ್ದು ಅವರ ಹುದ್ದೆ ಮಾತ್ರ.

ನಮ್ಮ ಪಾಲಿನ ಕೆಲಸ

ಅವರ ಸಮಿತಿ ಹುಟ್ಟಿದ 1976ರಲ್ಲೇ ಸಂವಿಧಾನದ 42ನೆಯ ತಿದ್ದುಪಡಿ ಅಂಗೀಕಾರವಾಯಿತು. ಅದರಿಂದ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ, ವಿಚಾರಣೆಯ ಪ್ರವೃತ್ತಿಗಳನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕ 2017ರಲ್ಲಿ ಮಾಡಿತು. 2020ರಲ್ಲಿ ಅದು ಜಾರಿಗೆ ಬಂತು. ಕಾಯಿದೆ ತಪ್ಪು ಮಾಡಿದವರನ್ನು ಹಿಡಿಯಬಲ್ಲದು. ಮನಸ್ಸಿನಲ್ಲಿ ಪ್ರಶ್ನೆ ಹುಟ್ಟಿಸುವುದು ಮೇಷ್ಟ್ರ ಕೆಲಸ, ಗೆಳೆಯರ ಕೆಲಸ.

ವಾರಕ್ಕೊಂದು ಉಪನ್ಯಾಸಕ್ಕೆ ದೊಡ್ಡ ಸಭಾಂಗಣ ಬೇಕಿಲ್ಲ. ಕುಷ್ಟಗಿಯ ಒಂದು ಶಾಲೆಯಲ್ಲಿ, ಯಲಬುರ್ಗಾದ ಒಂದು ಕಾಲೇಜಿನಲ್ಲಿ ಶನಿವಾರ ಒಂದು ತಾಸು ಸಾಕು. ಊರಿನ ವೈದ್ಯರನ್ನೋ, ಕೃಷಿ ಅಧಿಕಾರಿಯನ್ನೋ, ವಿಜ್ಞಾನ ಮೇಷ್ಟ್ರನ್ನೋ ಕರೆದು ಒಂದು ವಿಷಯ ಕೇಳಿ. ಕೇಳಿದ ಮೇಲೆ ಪ್ರಶ್ನಿಸಿ. ಪ್ರಶ್ನೆ ವಿನಯದಿಂದಿರಲಿ, ಅಂಜಿಕೆಯಿಂದ ಅಲ್ಲ. ಈ ಲೇಖನದಲ್ಲಿ ಹೇಳಿದ್ದನ್ನೂ ಹಾಗೆಯೇ ಪರೀಕ್ಷಿಸಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಎಲ್ಲರೂ ನಂಬುವ ಒಂದು ಮಾತನ್ನು ಆರಿಸಿ. ಅದು ಪರೀಕ್ಷಿಸಬಹುದಾದ ಮಾತೇ? ಹೌದಾದರೆ ಪರೀಕ್ಷೆ ಹೇಗೆ?

2. ನೀವು ಆರಿಸಿದ ವಿಷಯದಲ್ಲಿ ‘ಕುಂಬಳಕಾಯಿ’ ಯಾವುದು? ಎಂದರೆ, ಎರಡು ವಿವರಣೆಗಳನ್ನು ಬೇರ್ಪಡಿಸಿ ತೋರಿಸುವ ಪ್ರಶ್ನೆ ಯಾವುದು?

3. 1980ರ ಗ್ರಹಣವನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಅಂದು ಏನು ನಡೆಯಿತೆಂದು ಕೇಳಿ ಬರೆದಿಡಿ. ಹೊರಗೆ ಬಂದವರು ಯಾರು, ಒಳಗೆ ಉಳಿದವರು ಯಾರು, ಏಕೆ?

4. ಬದುಕಿದವರನ್ನು ಮಾತ್ರ ಎಣಿಸುವ ತಪ್ಪು ಹಾವು ಕಡಿತದಲ್ಲದೆ ಬೇರೆ ಎಲ್ಲೆಲ್ಲಿ ನಡೆಯುತ್ತದೆ?